ಕೊನೇ ದೋಣಿ ಎರಡು ಗಂಟೆಗೆ

...ಅಲ್ಲ ಕಣೇ ಒತಿಲಿಯಾ, ಪೆಟ್ರೋಲ್ ಖಾಲಿ ಅಂದ್ರೆ ಖಾಲಿ! ಕಟ್ಕೊಂಡ ಗಂಡನ್ನ ಹಾಗೆ ದುರುಗುಟ್ಟಿ ನೋಡಿದ್ರೆ ಗಾಡಿ ಓಡುತ್ತಾ? ಗೊತ್ತು, ಗೊತ್ತು... ಎಲ್ ರೊಸಾರಿಯೊದಲ್ಲಿ ಟ್ಯಾಂಕ್ ತುಂಬಿಸದೆ ಈ ಮರಳುಗಾಡಿಗೆ ಯಾರೂ ಇಳಿಯಲ್ಲ, ಚಿಕ್ಕ ಮಕ್ಕಳಿಗೂ ಗೊತ್ತು. ಇಪ್ಪತ್ತು ವರ್ಷದಿಂದ ಮೆಕ್ಯಾನಿಕ್ ನಾನು, ಮರೆತೆ. ಮನುಷ್ಯ ಮರೆಯಲ್ವಾ?

ಗಡಿಯಾರ ನೋಡ್ಬೇಡ. ಎರಡು ಗಂಟೆಗೆ ಕೊನೇ ದೋಣಿ, ನಾಳೆಗೆಲ್ಲಾ ತಿಮಿಂಗಿಲಗಳು ಮರಿ ಕರ್ಕೊಂಡು ಉತ್ತರಕ್ಕೆ ಹೊರಟ್ಬಿಡ್ತವೆ... ನೂರು ಸಲ ಹೇಳಿದ್ದೀಯ. ಮುಂದಿನ ವರ್ಷ ಬರಲ್ವಾ ಅವು? ಏನು? ಹೋದ ವರ್ಷಾನೂ ಹೀಗೇ ಅಂದಿದ್ನಾ? ಅಂದಿರ್ಬಹುದು. ತಗೋ, ಈ ಬುರ್ರಿತೊ ತಿನ್ನು. ಬೇಡ್ವಾ? ಬೇಡ ಬಿಡು.

ಯಾಕೆ ನಗ್ತೀಯಾ? ಆ ದೋಣಿಯವನ ಹೆಸರೇ ಎತ್ತಿಲ್ಲ ನಾನು! ಫಾಕುಂದೊ ಅಂತೆ, ಫಾಕುಂದೊ... ಮೀನು ನೋಡೋಕೆ ಹೋಗೋಳಿಗೆ ತುಟಿಗೆ ಬಣ್ಣ ಯಾಕೋ! ಹೂಂ, ಮೀನಲ್ಲ, ಗೊತ್ತು. ಮೂರು ವರ್ಷದ ಹಿಂದೆ ನೀನು ತಿಮಿಂಗಿಲದ ಮರಿ ಮುಟ್ಟೋಕೆ ಬಗ್ಗಿದಾಗ ಸೊಂಟ ಹಿಡ್ಕೊಂಡ್ನಲ್ಲ, ಬೀಳ್ಬಾರ್ದು ಅಂತ! ದೋಣೀಲಿ ಏಳು ಜನ ಬಗ್ಗಿದ್ರು. ಆ ಮೀಸೆ ಮುದುಕನ ಸೊಂಟ ಯಾಕೆ ಹಿಡೀಲಿಲ್ಲ, ಹೇಳು ನೋಡೋಣ?

ಎಲ್ಲಿಗೆ ಇಳಿದೆ? ಬಿಸಿಲು ಕಣೇ... ಆ ಉಪ್ಪಿನ ಲಾರಿಗ್ಯಾಕೆ ಕೈ ಅಡ್ಡ ಹಾಕ್ತೀಯಾ? ಅದು ಊರ ಕಡೆ ಹೋಗೋದು! ದೋಣಿ ಇರೋದು ಈ ಕಡೆ... ಅಮ್ಮನ ಮನೆಗಾ? ಏ, ತಮಾಷೆ ಸಾಕು. ಅಣ್ಣಾ, ನೀವು ಹೊರಡಿ, ಏನಿಲ್ಲ, ಗಂಡ ಹೆಂಡ್ತಿ ಮಾತು! ಏ, ಹತ್ಬೇಡ! ಹತ್ಬೇಡ ಕಣೇ! ಪೆಟ್ರೋಲ್ ಇದೆ! ಹಿಂದೆ, ಕಂಬಳಿ ಕೆಳಗೆ, ಕ್ಯಾನ್ ತುಂಬಾ ಇದೆ!

...ಎರಡು ಗಂಟೆ ದಾಟಿದ ಮೇಲೆ ತೆಗೀಬೇಕು ಅಂತಿದ್ದೆ.

ಬೈಯೇ. ಬೆಚ್ಚಿಬೀಳ್ಲೇ ಇಲ್ವಲ್ಲ ನೀನು... ಗೊತ್ತಿತ್ತಾ? ಯಾವಾಗಿಂದ? ರೊಸಾರಿಯೊ ದಾಟುವಾಗ್ಲೇ? ನಾನು ಗಾಡಿ ನಿಲ್ಲಿಸ್ತೀನೋ ಇಲ್ವೋ ನೋಡ್ತಾ ಸುಮ್ನೆ ಕೂತಿದ್ಯಾ? ಹಾಗಾದ್ರೆ ಹೋದ ವರ್ಷ ರೇಡಿಯೇಟರ್ ಒಡೆದಿದ್ದೂ... ಹೂಂ. ನಾನೇ. ಅದರ ಹಿಂದಿನ ವರ್ಷದ ಬೆನ್ನುನೋವೂ ಸುಳ್ಳು.

ಫಾಕುಂದೊ ಏನೂ ಮಾಡಿಲ್ಲ, ಪಾಪ. ಆ ಮರಿ ನಿನ್ನ ಅಂಗೈಗೆ ಮೂತಿ ಒತ್ತಿದಾಗ ನೀನು ನಕ್ಕೆಯಲ್ಲ... ಮೈಯೆಲ್ಲ ನೆನೆದು, ಅಳ್ತಾ, ಬಾಯ್ತುಂಬಾ... ಮದುವೆಯಾಗಿ ಹನ್ನೊಂದು ವರ್ಷ, ನನ್ನ ಮನೇಲಿ ಒಂದ್ಸಲಾನೂ ಹಾಗೆ ನಕ್ಕಿಲ್ಲ ನೀನು. ಒಂದ್ಸಲ! ಆ ಮೂಕಪ್ರಾಣಿ ಮೇಲೆ ಹೊಟ್ಟೆ ಉರೀತು ಕಣೇ. ನಾಚಿಕೆ ಆಗುತ್ತೆ, ಆದ್ರೂ ಉರಿಯುತ್ತೆ.

ಕೈ ಯಾಕೆ ಚಾಚಿದೆ? ಕೀಲಿನಾ? ತಗೋ. ಪೆಟ್ರೋಲ್ ನಾನೇ ಸುರೀತೀನಿ, ಇರು... ಹಾಂ, ಆಯ್ತು. ಈಗ ಹೊರಟ್ರೆ ದೋಣಿ ಸಿಗುತ್ತೆ, ಜೋರಾಗಿ ಓಡಿಸು, ನಾನೇನೂ ಅನ್ನಲ್ಲ. ಲಾರಿಯವನು ಇನ್ನೂ ಹಾರ್ನ್ ಹೊಡೀತಿದ್ದಾನೆ ನೋಡು, ಯಾರ್ರೀ ಬರೋದು ಅಂತ. ಯಾರೂ ಇಲ್ಲ, ಹೋಗಪ್ಪ ಅಂತ ಹೇಳ್ಬಿಡ್ಲಾ?

ಒತಿಲಿಯಾ... ನನ್ನ ಚೀಲ ಯಾಕೆ ಗಾಡಿಯಿಂದ ಕೆಳಗಿಳಿಸ್ತಿದ್ದೀಯಾ?