ಇಬ್ಬರ ಕೈಯಲ್ಲೂ ಅದೇ ಪುಸ್ತಕ

"ನಮ್ಮ ಜೊತೆ ಪಾಠ ಮಾಡ್ತಿದ್ನಲ್ಲ, ಅವನನ್ನ ಕೆಲಸದಿಂದ ತೆಗೆದೇಬಿಟ್ರಂತೆ ಕಣಯ್ಯಾ!"

ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ಒಬ್ಬ ಕಾಲೇಜು ಹುಡುಗಿಯ ಮುಂದೆ ನಿಂತಿದ್ದ ದಪ್ಪ ಮೇಷ್ಟ್ರು ತೆಳ್ಳಗಿನ ಮೇಷ್ಟ್ರಿಗೆ ಹೇಳಿದರು.

"ನಮಗೆಲ್ಲ ಕಲಿಸಿದ ಗುರುಗಳ ಸಿದ್ಧಾಂತವೇ ಸುಳ್ಳು ಅಂತ ಪುಸ್ತಕ ಬರೆದ್ನಲ್ಲ, ಅನುಭವಿಸ್ಲಿ."

"ನಿಂಗೆ ಹೊಟ್ಟೆಕಿಚ್ಚು."

"ಇರದೇ ಏನು? ಇಪ್ಪತ್ತು ವರ್ಷ ಅದೇ ಗುರುಗಳಿಗೆ ಹೂಂಗುಟ್ಟಿದೀನಿ, ನನ್ನ ಪುಸ್ತಕ ಒಬ್ರೂ ಮುಟ್ಲಿಲ್ಲ. ಅವನದ್ದನ್ನ ಲೈಬ್ರರಿಯಿಂದ ತೆಗೆದ್ರೂ ಹುಡುಗ್ರು ಕದ್ದು ಓದ್ತಾರೆ!"

ಹುಡುಗಿ ತನ್ನ ಕೈಲಿದ್ದ ಅದೇ ಪುಸ್ತಕವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು.

ಅಂಗಡಿಯವನು ತೆಳ್ಳಗಿನವರಿಗೆ ಕಟ್ಟು ಕೊಟ್ಟ. ಮೇಲಿನ ಹಾಳೆಯಲ್ಲೂ ಅದೇ ಪುಸ್ತಕದ ಹೆಸರು.

"ಇದೇನಯ್ಯಾ?"

"ತಪ್ಪು ಹುಡುಕೋಕೆ."

"ಸಿಕ್ತಾ?"

"ಆಗ್ಲೇ ಒಂದ್ಸಲ ಓದಿದೀನಿ. ಹಾಳಾದೋನು, ಒಂದು ತಪ್ಪೂ ಮಾಡಿಲ್ಲ."

"ನಾಳೆ ಹತ್ತಕ್ಕೆ ಅವನ ಮನೆಗೆ ಹೋಗಿ ಸಮಾಧಾನ ಹೇಳಿ ಬರೋಣ, ಬಾ."

"ಹತ್ತಕ್ಕೆ ಗುರುಗಳ ಮನೇಲಿರ್ಬೇಕು. ಹನ್ನೊಂದಕ್ಕೆ ಬರ್ತೀನಿ."

ಇಬ್ಬರೂ ರಸ್ತೆ ದಾಟಿದರು.