ಹತ್ತು ನಿಮಿಷದ ರಬ್ಬರು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಇಂಜಿನಿಯರುಗಳಿದ್ದರು, ಹಿರಿಯಾಕೆ ಮತ್ತು ಕಿರಿಯವನು. ಕೇಳಿಸಿಕೊಂಡದ್ದು ತಪ್ಪೇ ಇರಬಹುದು.

“ಸೇತುವೆಯ ತೊಲೆ ಕೆಳಗೆ ಇಡೋ ರಬ್ಬರ್ ಪ್ಯಾಡು ಇಪ್ಪತ್ತು ವರ್ಷ ಕುಸಿಯಲ್ಲ ಅಂತ ಕಂಪ್ಯೂಟರ್ ಮಾದರಿಯೇ ಹೇಳ್ತು, ಮೇಡಂ.”

“ಲ್ಯಾಬಲ್ಲಿ ಎಷ್ಟು ಹೊತ್ತು ಭಾರ ಇಟ್ಟು ನೋಡಿದೆ?”

“ಹತ್ತು ನಿಮಿಷ. ಆ ಅಂಕಿಗಳನ್ನೇ ಮಾದರಿಗೆ ಕೊಟ್ಟೆ.”

“ಆಮೇಲೆ?”

“ಗ್ರಾಫಲ್ಲಿ ಗೆರೆ ಮಟ್ಟಸವಾಗಿ ಹೋಗಿದೆ. ಕುಸಿಯೋದು ನಿಂತಿದೆ.”

“ನಿಂತಿದ್ದು ನಿನ್ನ ಪರೀಕ್ಷೆ ಕಣಪ್ಪ. ರಬ್ಬರು ವರ್ಷಗಟ್ಟಲೆ ನಿಧಾನಕ್ಕೆ ಕುಸೀತಾನೇ ಇರುತ್ತೆ. ಅಳಿಯ ಹತ್ತು ನಿಮಿಷ ಸುಮ್ನಿದ್ದ ಅಂತ ಜನ್ಮವೆಲ್ಲಾ ಸಾಧು ಅಂದ ಹಾಗಾಯ್ತು!”

“ವರದಿಗೆ ಸಹಿ ಹಾಕಿ ಕಳಿಸಿಬಿಟ್ಟೆ. ನಾಳೆ ಪ್ಯಾಡು ಕೂರಿಸ್ತಾರೆ.”

“ನಾಳೆ ತಾನೇ? ಇವತ್ತಿನ್ನೂ ಇದೆಯಲ್ಲ.”

ಬಸ್ಸು ಬಂತು. ಆಕೆ ಹತ್ತಿದರು. ಅವನು ಸಾಲು ಬಿಟ್ಟು, ಫೋನು ಕಿವಿಗಿಟ್ಟು, ಬಂದ ದಾರಿಯಲ್ಲೇ ಹೊರಟ.

“ಸರ್, ಆ ಪ್ಯಾಡು ಕೂರಿಸಬೇಡಿ. ತಪ್ಪು ನಂದು.”