ಹೋಟೆಲಿನ ಡಾಕ್ಟರಮ್ಮ

ಚರ್ಚಿನಲ್ಲಿ ಬೆಳಗಿನ ಪ್ರಾರ್ಥನೆ ಮುಗಿಸಿ, ವಿಯೆನ್ನಾದ ರಿಂಗ್ ರಸ್ತೆಯಲ್ಲಿ ಟ್ರಾಮಿಗೆ ಕಾಯುತ್ತಿದ್ದೆ. ಎದುರಿನ ಹಳೆಯ ದೊಡ್ಡ ಹೋಟೆಲಿನಿಂದ ಮುದುಕಿಯೊಬ್ಬಳು ತಾನೇ ಪೆಟ್ಟಿಗೆ ಎಳೆದುಕೊಂಡು ದುಡುದುಡು ಬಂದಳು. ಹಿಂದೆಯೇ ಅವಳ ಗಂಡ.

“ಹೆರ್ಮಿನೆ, ಮೆಲ್ಲಗೆ. ಬಾಗಿಲಲ್ಲಿರೋನು ನೋಡ್ತಿದ್ದಾನೆ.”

“ನೋಡ್ಲಿ! ರೂಮು ಹಿಡಿಯುವಾಗ ನಿನ್ನ ಹೆಸರು ಡಾಕ್ಟರ್ ವೊಂದ್ರಾಕ್ ಅಂತ ಯಾಕೆ ಹೇಳ್ದೆ?”

“ಗಂಡ ಡಾಕ್ಟರಾದ್ರೆ ಈ ಊರಲ್ಲಿ ಹೆಂಡ್ತೀನೂ ಡಾಕ್ಟರಮ್ಮ ತಾನೇ? ಮದುವೆಯಾಗಿ ಐವತ್ತು ವರ್ಷ ಆಯ್ತು. ಡಾಕ್ಟರನ್ನ ಮದುವೆಯಾದ ನಿನ್ನ ತಂಗೀನ ಕರೆಯೋ ಹಾಗೆ ನಿನ್ನನ್ನೂ ಒಂದ್ಸಲ ಕರೀಲಿ ಅಂತ.”

“ಕರೆದ್ರಪ್ಪಾ, ಕಾಫಿಗೊಂದ್ಸಲ, ಬೆಣ್ಣೆಗೊಂದ್ಸಲ! ಪಕ್ಕದ ಮೇಜಿನ ಅಜ್ಜಿ ಕುಸಿದು ಬಿದ್ದಾಗ ನಿನ್ನನ್ನ ಕರೆದ್ರಲ್ಲ, ಆಗೆಲ್ಲಿದ್ದೆ?”

“ಅಜ್ಜಿ ಎದ್ದು ಕೂತ್ರಲ್ಲ...”

“ಕಕ್ಕಸಲ್ಲಿ ಬಚ್ಚಿಟ್ಕೊಂಡಿದ್ದೆ! ‘ಅವರು ಡಾಕ್ಟರಲ್ಲ, ಟ್ರಾಮ್ ಓಡಿಸ್ತಿದ್ರು’ ಅಂತ ನಾನು ಎದ್ದು ಹೇಳ್ಬೇಕಾಯ್ತು. ಟ್ರಾಮ್ ಓಡಿಸೋದು ಅಂದ್ರೆ ಕಳ್ಳತನ ಅನ್ನೋ ಹಾಗೆ ಕೇಳಿಸ್ತು.”

“ನಿನಗೋಸ್ಕರ ಮಾಡಿದ್ದು ಕಣೆ.”

“ನಾನು ಕೇಳಿದ್ನಾ? ನೀನು ನನ್ನನ್ನ ಮೊದಲು ನೋಡಿದ್ದೇ ನಿನ್ನ ಟ್ರಾಮಿನಲ್ಲಿ. ಟ್ರಾಮಿನವನ ಹೆಂಡ್ತಿ ಅಂತ ಇಷ್ಟು ವರ್ಷ ತಲೆಯೆತ್ತಿ ತಿರುಗಿದೀನಿ. ನಾಚಿಕೆ ನಿನಗಿತ್ತು ಅಂತ ಇವತ್ತು ಗೊತ್ತಾಯ್ತು.”

ಅವನು ತಲೆ ತಗ್ಗಿಸಿದ. ಅಷ್ಟರಲ್ಲಿ ಟ್ರಾಮು ಬಂತು. ಚಾಲಕ ಅವನ ಗುರುತು ಹಿಡಿದು ಕಿಟಕಿಯಿಂದ ಕೈಬೀಸಿದ.

“ವೊಂದ್ರಾಕ್ ಅಣ್ಣಾ! ಬನ್ನಿ, ಬನ್ನಿ, ಕೂತ್ಕೊಳ್ಳಿ!”

ಹೆರ್ಮಿನೆ ಮೊದಲು ಹತ್ತಿದಳು; ಹಿಂದೆ ಅವನು, ಆಮೇಲೆ ನಾನು. ಚಾಲಕನ ಹಿಂದಿನ ಸೀಟಿನಲ್ಲೇ ಕೂತು, ಪಕ್ಕದ ಜಾಗದಲ್ಲಿ ಪೆಟ್ಟಿಗೆ ಇಟ್ಟಳು.

“ಡಾಕ್ಟರು ನಿಂತೇ ಬರ್ತಾರೆ,” ಎಂದಳು.

ಬಾಗಿಲು ಮುಚ್ಚಿತು. ಹಿಡಿಕೆಗೆ ಜೋತುಬಿದ್ದ ಅವನನ್ನು ಹೊತ್ತು ಟ್ರಾಮು ಹೊರಟಿತು.